ನೇತ್ರಾಣಿಯ ಮೊದಲ ಡೈವ್‌ನಲ್ಲೇ ಗಾಬರಿಯಾಗಿ ಮೇಲೆ ಬಂದೆ. ಸ್ಕೂಬಾ ನನಗೆ ಆಗಿಬರಲ್ವಾ?

ಆಗಿಬರುತ್ತದೋ ಇಲ್ಲವೋ ಅಂತ ತೀರ್ಮಾನಿಸಲು ಇನ್ನೂ ಸಮಯವಿದೆ. ಯಾಕೆಂದರೆ ನಿಮಗೆ ಯಾರೂ ಇನ್ನೂ ಡೈವಿಂಗ್ ಕಲಿಸಿಲ್ಲ.

ನೀವು ಬರೆದಿರುವುದು ಇಷ್ಟು: ದೋಣಿಯಲ್ಲೇ ವಾಂತಿ ಆಯಿತು. ನೀರಿಗಿಳಿದು ಎರಡು ಮೂರು ಮೀಟರ್ ಹೋಗುವಷ್ಟರಲ್ಲಿ ಕಿವಿ ನೋವು. ಆಮೇಲೆ ಕಣ್ಣು, ಮೂಗು ಮುಚ್ಚುವ ಮಾಸ್ಕಿಗೆ ನೀರು ನುಗ್ಗಿತು, ಮೂಗಿನಿಂದ ಎಳೆದುಕೊಂಡಿರಿ, ಕೆಮ್ಮು ಬಂತು, ಗಾಳಿ ಸಾಲುತ್ತಿಲ್ಲ ಅನ್ನಿಸಿತು, ಮೇಲೆ ಕರೆದುಕೊಂಡು ಹೋಗಿ ಅಂತ ಸನ್ನೆ ಮಾಡಿದಿರಿ. ಸ್ನೇಹಿತರೆಲ್ಲ ಮೀನಿನ ಜೊತೆ ವಿಡಿಯೋ ಮಾಡಿಸಿಕೊಂಡು ಬಂದರು, ನೀವು ದೋಣಿಯಲ್ಲಿ ಕೂತಿದ್ದಿರಿ.

ನನ್ನದೂ ಹೆಚ್ಚುಕಡಿಮೆ ಇದೇ ಕಥೆ. ಚಿತ್ರದುರ್ಗದ ಕಡೆಯವನು ನಾನು. ನಮ್ಮೂರ ಕೆರೆ ತುಂಬಿದ್ದನ್ನೇ ಅಪರೂಪಕ್ಕೆ ನೋಡಿ ಬೆಳೆದವನು. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸುಮಾರು 19 ಕಿಲೋಮೀಟರ್ ದೋಣಿ ಪ್ರಯಾಣ, ಡೀಸೆಲ್ ವಾಸನೆ, ಇಂಜಿನ್ ಸದ್ದಿನ ನಡುವೆ ಅರ್ಧಂಬರ್ಧ ಕೇಳಿಸಿದ ಪಾಠ. ಮಾಸ್ಕಿಗೆ ನೀರು ಬಂದಾಗ ಏನು ಮಾಡಬೇಕು ಅಂತ ಹೇಳಿದ್ದರೋ ಏನೋ, ನನ್ನ ತಲೆಗಂತೂ ಹೋಗಿರಲಿಲ್ಲ. ಡ್ರೈವಿಂಗ್ ಕಲಿಯಲು ಬಂದವರನ್ನು ಮೊದಲ ದಿನವೇ ಸಂಜೆ ಆರು ಗಂಟೆಗೆ ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ಕರೆದುಕೊಂಡು ಹೋದ ಹಾಗೆ. ಕೆಲವರು ಅದನ್ನೂ ದಾಟುತ್ತಾರೆ. ದಾಟದವರಿಗೆ ಕಾರು ಓಡಿಸಲು ಬರುವುದೇ ಇಲ್ಲ ಅಂತ ಹೇಳಲಾಗುತ್ತದಾ?

ನೇತ್ರಾಣಿಯಲ್ಲಿ ಪ್ರವಾಸಿಗರಿಗೆ ಮಾಡಿಸುವುದು ಟ್ರೈ ಡೈವ್. ಸಮುದ್ರದೊಳಗೆ ಏನಿದೆ ಅಂತ ತೋರಿಸಿಕೊಂಡು ಬರುವ ಏರ್ಪಾಡು ಅದು. ಇನ್‌ಸ್ಟ್ರಕ್ಟರ್ ನಿಮ್ಮ ಸಿಲಿಂಡರ್ ಹಿಡಿದುಕೊಂಡಿರುತ್ತಾರೆ. ಎಷ್ಟು ಆಳ, ಯಾವ ಕಡೆ, ಎಲ್ಲ ಅವರ ಕೈಯಲ್ಲಿ. ಸುಮ್ನೆ ಉಸಿರಾಡಿ ಅಂತಾರೆ. ಆದರೆ ಆ ಉಸಿರಾಟವೇ ಕಲಿಯಬೇಕಾದ ವಿಷಯ. ಮುಖಕ್ಕೆ ನೀರು ತಾಗಿದಾಗ ಉಸಿರು ಹಿಡಿಯಬೇಕು ಅಂತ ದೇಹ ಹೇಳುತ್ತದೆ. ಇನ್‌ಸ್ಟ್ರಕ್ಟರ್ ಉಸಿರು ಹಿಡಿಯಬೇಡಿ, ಉಸಿರಾಡುತ್ತಲೇ ಇರಿ ಅಂತಾರೆ. ಇಬ್ಬರ ಮಾತೂ ಒಟ್ಟಿಗೆ ಕೇಳಲು ಹೋದರೆ ಯಾರಿಗಾದರೂ ಗಾಬರಿ ಆಗುತ್ತದೆ.

ನನ್ನ ಪ್ರಕಾರ ನಿಮ್ಮ ಸಮಸ್ಯೆಯಲ್ಲಿ ಮುಖ್ಯವಾದದ್ದು ಮೂಗು. ಸಮುದ್ರ, ಆಳ, ಧೈರ್ಯ, ಇವೆಲ್ಲ ಆಮೇಲೆ. ಮೂಗಿಗೆ ನೀರು ತಾಗುತ್ತಿರುವಾಗಲೇ ಬಾಯಿಂದ ಆರಾಮಾಗಿ ಉಸಿರಾಡಲು ಬಂತೆಂದರೆ ಅರ್ಧ ಭಯ ಹೋಗುತ್ತದೆ. ಇದನ್ನು ಮನೆಯಲ್ಲೇ ಶುರು ಮಾಡಬಹುದು. ಒಂದು ಸ್ನಾರ್ಕೆಲ್ ಕೊಂಡುಕೊಳ್ಳಿ, ಬಾಯಲ್ಲಿಟ್ಟು ಉಸಿರಾಡುವ ಆ ಬಾಗಿದ ಕೊಳವೆ. ದೊಡ್ಡ ಟಬ್‌ನಲ್ಲಿ ನೀರು ತುಂಬಿಸಿ, ಮಾಸ್ಕ್ ಇಲ್ಲದೆ ಮುಖ ಮುಳುಗಿಸಿ, ಸ್ನಾರ್ಕೆಲ್‌ನಿಂದ ಉಸಿರಾಡಿ. ಮನೆಯಲ್ಲಿ ಯಾರಾದರೂ ಪಕ್ಕದಲ್ಲಿರಲಿ. ಮೊದಲ ಸಲ ಮೂರು ಉಸಿರಿಗೇ ತಲೆ ಎತ್ತಿಬಿಡುತ್ತೀರಿ. ಪರವಾಗಿಲ್ಲ. ದಿನಾ ಸ್ವಲ್ಪ ಸ್ವಲ್ಪ ಮಾಡುತ್ತಾ ಹೋದರೆ ಗಂಟಲ ಹಿಂದೆ ಏನೋ ಮುಚ್ಚಿಕೊಂಡು ಮೂಗಿನ ದಾರಿ ಬೇರೆಯಾಗುವುದು ನಿಮಗೇ ಗೊತ್ತಾಗುತ್ತದೆ. ನಮ್ಮ ಮನೆಯಲ್ಲಿ ಇದನ್ನು ನೋಡಿ ನಕ್ಕಿದ್ದು ಅಷ್ಟಿಷ್ಟಲ್ಲ.

ಆಮೇಲೆ ಈಜುಕೊಳ. ಬೆಂಗಳೂರಿನಲ್ಲೇ ಈಜುಕೊಳದಲ್ಲಿ ಸ್ಕೂಬಾ ಕಲಿಸುವವರು ಇದ್ದಾರೆ. ಸೊಂಟದುದ್ದ ನೀರಿನಲ್ಲಿ ಮಂಡಿಯೂರಿ ಕೂತು ಕಲಿಯುವುದು. ಮಾಸ್ಕಿಗೆ ಬೇಕಂತಲೇ ಒಂದಿಷ್ಟು ನೀರು ಬಿಡುತ್ತಾರೆ. ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿ ಹಿಡಿದು, ಸ್ವಲ್ಪ ಮೇಲಕ್ಕೆ ನೋಡುತ್ತಾ, ಮೂಗಿನಿಂದ ಉಸಿರು ಬಿಡಬೇಕು. ಗಾಳಿ ಮೇಲೆ ತುಂಬಿಕೊಂಡು ನೀರನ್ನು ಕೆಳಗಿನ ಅಂಚಿನಿಂದ ತಳ್ಳುತ್ತದೆ. ಅಷ್ಟೇ. ಮುಂದೆ ಅರ್ಧ ಮಾಸ್ಕ್ ನೀರು, ಆಮೇಲೆ ಪೂರ್ತಿ. ಕೊನೆಗೆ ಮಾಸ್ಕನ್ನೇ ಬಿಚ್ಚಿ ಒಂದು ನಿಮಿಷ ಹಾಗೆಯೇ ಉಸಿರಾಡಬೇಕು. ನನಗೆ ಇಡೀ ಕೋರ್ಸಿನಲ್ಲಿ ಕಷ್ಟ ಆಗಿದ್ದು ಇದೊಂದೇ. ಎಷ್ಟೋ ಸಲ ಎದ್ದು ನಿಂತುಬಿಟ್ಟೆ. ಆದರೆ ನೋಡಿ, ಎದ್ದು ನಿಂತರೆ ತಲೆ ನೀರಿನ ಮೇಲಿರುತ್ತದೆ. ನಗುವವರೂ ಇಲ್ಲ, ಕಾಯುತ್ತಿರುವ ದೋಣಿಯೂ ಇಲ್ಲ. ಈ ಸೌಲಭ್ಯ ನೇತ್ರಾಣಿಯಲ್ಲಿ ನಿಮಗೆ ಸಿಗಲಿಲ್ಲ.

ಮೀಸೆ ಇದ್ದರೆ ಇನ್ನೊಂದು ಮಾತು. ಮಾಸ್ಕಿನ ರಬ್ಬರ್ ಅಂಚು ಚರ್ಮಕ್ಕೆ ಅಂಟಿ ಕೂರಬೇಕು, ಮೀಸೆಯ ಮೇಲೆ ಕೂತರೆ ನೀರು ಜಿನುಗುತ್ತಲೇ ಇರುತ್ತದೆ. ಮೂಗಿನ ಕೆಳಗೆ ಒಂದು ಗೆರೆಯಷ್ಟು ಟ್ರಿಮ್ ಮಾಡಿದರೆ ಸಾಕು, ಪೂರ್ತಿ ಬೋಳಿಸಬೇಕಾಗಿಲ್ಲ. ಉದ್ದ ಕೂದಲಿನವರು ಹಣೆಯ ಹತ್ತಿರ ಒಂದೆಳೆ ಕೂದಲು ಒಳಗೆ ಸಿಕ್ಕಿಕೊಂಡಿದೆಯಾ ನೋಡಿಕೊಳ್ಳಿ. ಬಾಡಿಗೆಯ ಮಾಸ್ಕ್ ನಿಮ್ಮ ಮುಖಕ್ಕೆ ಸರಿಯಾಗಿ ಕೂರುತ್ತದಾ ಅಂತ ಮೊದಲೇ ಪರೀಕ್ಷೆ ಮಾಡಬಹುದು: ಪಟ್ಟಿ ಹಾಕದೆ ಮುಖಕ್ಕಿಟ್ಟು ಮೂಗಿನಿಂದ ಮೆಲ್ಲಗೆ ಗಾಳಿ ಎಳೆಯಿರಿ. ಕೈಬಿಟ್ಟರೂ ಬೀಳದಿದ್ದರೆ ಸರಿ.

ಇನ್ನು ಕಿವಿ. ನೀರಿನ ಮೇಲೆ ನಮ್ಮ ಮೇಲಿರುವ ಒತ್ತಡ ಒಂದು ವಾಯುಭಾರ. 10 ಮೀಟರ್ ಕೆಳಗೆ ಅದು ಎರಡಾಗುತ್ತದೆ. ಅಂದರೆ ಶುರುವಿನ ಆ 10 ಮೀಟರಿನಲ್ಲೇ ಒತ್ತಡ ದುಪ್ಪಟ್ಟು. ಮುಂದಿನ 10 ಮೀಟರಿನಲ್ಲಿ ಅದು ಎರಡರಿಂದ ಮೂರಾಗುತ್ತದೆ, ಅಂದರೆ ಒಂದೂವರೆ ಪಟ್ಟು ಮಾತ್ರ. ಹಾಗಾಗಿ ಮೇಲಿನ ಕೆಲವೇ ಮೀಟರ್‌ಗಳಲ್ಲಿ ಕಿವಿ ಜಾಸ್ತಿ ಕಾಟ ಕೊಡುತ್ತದೆ. ಕಿವಿಯೊಳಗಿನ ಒತ್ತಡ ಸರಿಮಾಡಲು ಮೂಗು ಹಿಡಿದು ಮೂಗಿನೊಳಗೇ ಮೆಲ್ಲಗೆ ಊದಬೇಕು. ಅದನ್ನು ನೋವು ಬಂದ ಮೇಲೆ ಮಾಡಿದರೆ ಪ್ರಯೋಜನವಿಲ್ಲ, ಆಗಲೇ ಒಳಗಿನ ದಾರಿ ಬಿಗಿದುಕೊಂಡಿರುತ್ತದೆ. ನೀರಿನ ಮೇಲಿರುವಾಗಲೇ ಒಮ್ಮೆ ಮಾಡಿ, ಇಳಿಯುತ್ತಾ ಪ್ರತಿ ಅರ್ಧ ಮೀಟರಿಗೊಮ್ಮೆ ಮಾಡಿ. ಜೋರಾಗಿ ಊದಬೇಡಿ. ಕಿವಿ ಬಿಡದಿದ್ದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ನೋಡಿ. ತಲೆ ಮೇಲೆ, ಕಾಲು ಕೆಳಗೆ ಇಟ್ಟು ಹಗ್ಗ ಹಿಡಿದುಕೊಂಡು ಇಳಿದರೆ ಇನ್ನೂ ಸುಲಭ. ಎಷ್ಟು ನಿಧಾನವಾಗಿ ಇಳಿಯಬೇಕು ಅಂತ ನಿಮ್ಮ ಕಿವಿ ಹೇಳಬೇಕು, ಇನ್‌ಸ್ಟ್ರಕ್ಟರ್ ಅಲ್ಲ. ಅಂಗೈ ಚಪ್ಪಟೆಯಾಗಿ ಹಿಡಿದು ಅಲ್ಲಾಡಿಸಿ ಕಿವಿ ತೋರಿಸಿದರೆ ಕಿವಿಗೆ ತೊಂದರೆ ಅಂತ ಅರ್ಥ. ಆ ಸನ್ನೆಯನ್ನು ಸಂಕೋಚವಿಲ್ಲದೆ ಬಳಸಿ. ನೆಗಡಿ ಇದ್ದರೆ, ಮೂಗು ಕಟ್ಟಿದ್ದರೆ, ಆ ದಿನ ಇಳಿಯಲೇಬೇಡಿ, ದುಡ್ಡು ಹೋದರೂ ಪರವಾಗಿಲ್ಲ.

ಗಾಳಿ ಸಾಲುತ್ತಿಲ್ಲ ಅನ್ನಿಸಿತು ಅಂತಲೂ ಬರೆದಿದ್ದೀರಿ. ರೆಗ್ಯುಲೇಟರ್, ಅಂದರೆ ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ಸಾಧನ, ನೀವು ಎಳೆದಷ್ಟು ಗಾಳಿಯನ್ನು ಆ ಆಳದ ಒತ್ತಡಕ್ಕೆ ಸರಿಯಾಗಿ ಕೊಡುತ್ತದೆ. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ಟೋ ಮತ್ತು ಎಮಿಲ್ ಗಾನ್ಯಾನ್ ರೂಪಿಸಿದ ಉಪಕರಣದ ಮುಖ್ಯ ಗುಣವೇ ಇದು, ಇವತ್ತಿನವೂ ಅದೇ ತತ್ವದ ಮೇಲೆ ಕೆಲಸ ಮಾಡುತ್ತವೆ. ಗಾಬರಿಯಲ್ಲಿ ನಾವು ಬೇಗ ಬೇಗ, ಮೇಲೆ ಮೇಲೆ ಉಸಿರಾಡುತ್ತೇವೆ. ಆಗ ಕಾರ್ಬನ್ ಡೈಆಕ್ಸೈಡ್ ಸರಿಯಾಗಿ ಹೊರಗೆ ಹೋಗುವುದಿಲ್ಲ. ಅದು ಜಾಸ್ತಿ ಆದಂತೆ ಉಸಿರು ಕಟ್ಟಿದ ಹಾಗೆ ಅನ್ನಿಸುತ್ತದೆ, ಇನ್ನೂ ಬೇಗ ಉಸಿರಾಡುತ್ತೇವೆ. ಈ ಸುತ್ತಿನಿಂದ ಹೊರಗೆ ಬರಲು ಉಸಿರನ್ನು ಪೂರ್ತಿ ಬಿಡಬೇಕು, ಉದ್ದಕ್ಕೆ, ಗುಳ್ಳೆಗಳ ಸದ್ದು ಕೇಳುವಷ್ಟು. ನನಗೆ ಕಲಿಸಿದವರು ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದಲ್ಲಿ (ಈಗಿನ ಹೆಸರು ಸ್ವರಾಜ್ ದ್ವೀಪ) ಕೆಲಸ ಮಾಡುವ ಕನ್ನಡದವರೇ. "ಎಳೆಯೋದು ಬಿಡಿ ಸಾರ್, ಅದು ತಾನಾಗೇ ಆಗುತ್ತೆ. ಮೊದಲು ಹೊರಗೆ ಬಿಡಿ" ಅನ್ನುತ್ತಿದ್ದರು. ಕೆಮ್ಮು ಬಂದರೆ ರೆಗ್ಯುಲೇಟರ್ ಬಾಯಲ್ಲೇ ಇಟ್ಟುಕೊಂಡು ಕೆಮ್ಮಬಹುದು. ಇದು ಗೊತ್ತಿದ್ದರೆ ಅದನ್ನು ಕಿತ್ತು ಬಿಸಾಡುವ ಆಸೆ ಬರುವುದಿಲ್ಲ.

ಗಾಬರಿಯನ್ನು ನೀರೊಳಗೇ ನಿಭಾಯಿಸುವುದು ಕಲಿಯಲೇಬೇಕು, ಅದಕ್ಕೆ ಗಟ್ಟಿ ಕಾರಣ ಇದೆ. ಉಸಿರು ಹಿಡಿದು ಧಡಕ್ಕನೆ ಮೇಲೆ ಬಂದರೆ ಶ್ವಾಸಕೋಶದಲ್ಲಿರುವ ಗಾಳಿ ಹಿಗ್ಗುತ್ತದೆ. 10 ಮೀಟರಿನಿಂದ ಬಂದರೆ ಎರಡರಷ್ಟು ಜಾಗ ಬೇಕು ಅದಕ್ಕೆ. ಶ್ವಾಸಕೋಶ ಹರಿಯುವ ಅಪಾಯ ಇದೆ. ನೀವು ಇನ್‌ಸ್ಟ್ರಕ್ಟರಿಗೆ ಸನ್ನೆ ಮಾಡಿ ಅವರ ಜೊತೆ ಬಂದಿರಿ. ಅದು ಸರಿಯಾದ ಕೆಲಸ. ಗಾಬರಿಯಲ್ಲೂ ಅಷ್ಟು ತಿಳಿವಳಿಕೆ ಉಳಿದಿತ್ತಲ್ಲ, ಕಲಿಯಲು ಬೇಕಾದದ್ದು ಅದೇ.

ಟ್ರೈ ಡೈವ್‌ಗೆ ಈಜು ಬೇಡ ಅಂತಾರೆ. ಆದರೆ ಡೈವಿಂಗ್ ತರಬೇತಿ ಸಂಸ್ಥೆ ಪ್ಯಾಡಿಯ (PADI) ಆರಂಭಿಕ ಹಂತದ ಓಪನ್ ವಾಟರ್ ಕೋರ್ಸಿಗೆ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಸಮಯದ ಮಿತಿ ಇಲ್ಲ, ಯಾವ ಶೈಲಿ ಆದರೂ ಸರಿ. ಈಜು ಬರದಿದ್ದರೆ ಮೊದಲು ಅದನ್ನು ಕಲಿಯಿರಿ ಅಂತ ನಾನಂತೂ ಹೇಳುತ್ತೇನೆ. ಕೋರ್ಸಿನಲ್ಲಿ ತೇಲುವುದಕ್ಕೆ ಹಾಕಿಕೊಳ್ಳುವ ಜಾಕೆಟ್‌ಗೆ ಗಾಳಿ ತುಂಬುವ, ಬಿಡುವ ಬಟನ್ ನಿಮ್ಮ ಕೈಗೇ ಬರುತ್ತದೆ. ಇನ್ನೊಬ್ಬರು ಎಳೆದುಕೊಂಡು ಹೋಗುವುದಕ್ಕೂ ನೀವೇ ತೇಲುತ್ತಾ ಹೋಗುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಆಗ ಗೊತ್ತಾಗುತ್ತದೆ. ಹ್ಯಾವ್‌ಲಾಕ್‌ನ ನೀಮೋ ರೀಫ್‌ನಲ್ಲಿ ದಡದಿಂದಲೇ ನಡೆದುಕೊಂಡು ನೀರಿಗಿಳಿಯಬಹುದು, ದೋಣಿಯ ಕುಲುಕಾಟವೇ ಇಲ್ಲ. ಹೊಟ್ಟೆ ತೊಳಸುವವರಿಗೆ ಇದು ದೊಡ್ಡ ಸಮಾಧಾನ. ಖರ್ಚು ಜಾಸ್ತಿ, ಅದೂ ನಿಜ. ನೇತ್ರಾಣಿಗೇ ಹೋಗುವುದಾದರೆ ಸಮುದ್ರ ಶಾಂತವಾಗಿರುವ ಡಿಸೆಂಬರ್, ಜನವರಿ ನೋಡಿಕೊಳ್ಳಿ. ಮಳೆಗಾಲದಲ್ಲಿ ಅಲ್ಲಿ ಡೈವಿಂಗ್ ಬಂದ್, ಆ ತಿಂಗಳುಗಳು ಈಜುಕೊಳಕ್ಕೆ ಸರಿಹೋಗುತ್ತವೆ. ವಾಂತಿಯ ಮಾತ್ರೆ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ, ಕೆಲವು ನಿದ್ದೆ ಬರಿಸುತ್ತವೆ.

ಬುಕ್ ಮಾಡುವ ಮೊದಲು ಫೋನಿನಲ್ಲಿ ಕೇಳಿ: ಮೊದಲು ಈಜುಕೊಳದಲ್ಲಿ ಕಲಿಸುತ್ತೀರಾ? ಒಬ್ಬ ಇನ್‌ಸ್ಟ್ರಕ್ಟರಿಗೆ ಎಷ್ಟು ಜನ? ಒಂದು ದಿನ ಹೆಚ್ಚು ಬೇಕಾದರೆ ಕೊಡುತ್ತೀರಾ? ಹಿಂದೆ ಗಾಬರಿಯಾಗಿತ್ತು ಅಂತಲೂ ಹೇಳಿಬಿಡಿ. "ಏನೂ ಆಗಲ್ಲ, ಬನ್ನಿ" ಅಂತ ನಕ್ಕು ತಳ್ಳಿಹಾಕುವವರಿಗಿಂತ "ಏನಾಯ್ತು ಹೇಳಿ" ಅಂತ ಕೇಳುವವರ ಹತ್ತಿರ ಹೋಗಿ.

ಇಷ್ಟೆಲ್ಲ ಮಾಡಿದ ಮೇಲೂ ಬೇಡ ಅನ್ನಿಸಿದರೆ ಬಿಟ್ಟುಬಿಡಿ, ಸ್ನಾರ್ಕೆಲ್ ಮಾಡಿಕೊಂಡೇ ಎಷ್ಟೋ ಮೀನು ನೋಡಬಹುದು. ಸ್ನೇಹಿತರ ವಿಡಿಯೋಗೋಸ್ಕರ ಮಾತ್ರ ಮತ್ತೆ ಇಳಿಯಬೇಡಿ.

ಕಿವಿ ನೋವು ಈಗಲೂ ಇದೆಯಾ ಅಂತ ನೀವು ಬರೆದಿಲ್ಲ. ಇದ್ದರೆ, ಅಥವಾ ಮಂದವಾಗಿ ಕೇಳಿಸುತ್ತಿದ್ದರೆ, ಮೇಲೆ ಬರೆದಿದ್ದೆಲ್ಲ ಪಕ್ಕಕ್ಕಿಟ್ಟು ಈ ವಾರವೇ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಅಸ್ತಮಾ, ಹೃದಯದ ತೊಂದರೆ, ಹಿಂದೆ ಕಿವಿಯ ಆಪರೇಷನ್ ಏನಾದರೂ ಇದ್ದರೆ ಅದನ್ನೂ ಅಲ್ಲೇ ಹೇಳಿ, ಕೋರ್ಸಿಗೆ ಸೇರುವಾಗ ಇದನ್ನೆಲ್ಲ ಕೇಳುವ ಆರೋಗ್ಯದ ಫಾರಂ ಹೇಗಿದ್ದರೂ ತುಂಬಬೇಕಾಗುತ್ತದೆ.