ಪೋಲೆಂಡಿಗೆ ನಾಟಿದ ಮದ್ದು ಉಕ್ರೇನಿಗೇಕೆ ನಾಟಲಿಲ್ಲ?

ಮಾನ್ಯರೇ,

ಹೆಸರು ಅಚ್ಚು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಪತ್ರದ ಸಾರವನ್ನಷ್ಟೇ ಉಳಿದ ಓದುಗರಿಗಾಗಿ ಹೇಳಿಬಿಡುತ್ತೇನೆ. ನೀವು ಗದಗ ಜಿಲ್ಲೆಯವರು. ಮಗಳು ಖಾರ್ಕಿವ್‌ನಲ್ಲಿ ವೈದ್ಯಕೀಯ ಓದುತ್ತಿದ್ದಳು. 2022ರ ಮಾರ್ಚ್‌ನಲ್ಲಿ ಕಿಕ್ಕಿರಿದ ರೈಲಿನಲ್ಲಿ ಲ್ವಿವ್ ತಲುಪಿ, ಅಲ್ಲಿಂದ ಗಡಿ ದಾಟಿ, ಪೋಲೆಂಡಿನ ಝೆಶೂಫ್ ವಿಮಾನ ನಿಲ್ದಾಣದಿಂದ ಮನೆಗೆ ಬಂದಳು. ಬಂದವಳು ಒಂದು ದಿನ ನಿಮಗೆ ಹೇಳಿದಳಂತೆ: "ಗಡಿ ದಾಟಿದ ಮೇಲೆ ರಸ್ತೆಯೇ ಬೇರೆ ಅಪ್ಪಾ, ಬಸ್ಸಿನಲ್ಲಿ ಕುಳಿತವರಿಗೆ ಕುಲುಕಾಟವೇ ಇಲ್ಲ." ಕಳೆದ ಸಂಚಿಕೆಯಲ್ಲಿ ನಾವು ಅಚ್ಚು ಮಾಡಿದ ಲೇಖನ, ಸರ್ಕಾರಿ ಕಾರ್ಖಾನೆಗಳನ್ನು ಒಂದೇ ಏಟಿಗೆ ಮಾರಿದ್ದರಿಂದ ಪೋಲೆಂಡ್ ಉದ್ಧಾರವಾಯಿತು ಎಂದಿತ್ತು. ಅದನ್ನು ಓದಿ ನೀವು ಕೇಳಿದ್ದೀರಿ: "ಉಕ್ರೇನೂ ಮಾರಿತಲ್ಲ ಸ್ವಾಮಿ, ಅದೇಕೆ ಉದ್ಧಾರವಾಗಲಿಲ್ಲ?"

ಮೊದಲು ತಪ್ಪೊಪ್ಪಿಗೆ. ಲೇಖನದ ಆ ವಾಕ್ಯ ಸರಿಯಿಲ್ಲ. ಅದನ್ನು ತಿದ್ದಬೇಕಾಗಿದ್ದವನು ನಾನು, ಕಣ್ತಪ್ಪಿತು. ಪೋಲೆಂಡ್ ಒಂದೇ ಏಟಿಗೆ ಮಾಡಿದ್ದು ಮಾರಾಟವಲ್ಲ, ಬೆಲೆಗಳ ಮೇಲಿನ ಕಟ್ಟು ಬಿಚ್ಚಿದ್ದು. ದೊಡ್ಡ ಕಾರ್ಖಾನೆಗಳ ಮಾರಾಟ ಎಳೆದಾಡುತ್ತಾ ಹತ್ತು ಹದಿನೈದು ವರ್ಷ ನಡೆಯಿತು. ತೈಲ, ವಿದ್ಯುತ್, ಬ್ಯಾಂಕು ಮುಂತಾದ ಕಡೆ ಸರ್ಕಾರದ ಕೈ ಇಂದಿಗೂ ದೊಡ್ಡದೇ.

ಇನ್ನು ಲೆಕ್ಕ. ವಿಶ್ವ ಬ್ಯಾಂಕಿನ ಅಂಕಿಗಳ ಪ್ರಕಾರ 1990ರಲ್ಲಿ ಎರಡೂ ದೇಶಗಳ ತಲಾ ಉತ್ಪನ್ನ 2,000 ಡಾಲರ್‌ಗಿಂತ ಕೆಳಗೆ, ಹೆಚ್ಚು ಕಡಿಮೆ ಅಕ್ಕಪಕ್ಕದಲ್ಲೇ ಇತ್ತು. 2021ರಲ್ಲಿ, ಅಂದರೆ ದೊಡ್ಡ ಯುದ್ಧಕ್ಕೆ ಮೊದಲೇ, ಪೋಲೆಂಡಿನದು ಸುಮಾರು 18,000 ಡಾಲರ್, ಉಕ್ರೇನಿನದು 5,000ಕ್ಕೂ ಕಡಿಮೆ. 1990ರ ಅಂಕಿಯನ್ನು ಪೂರ್ತಿ ನಂಬಬೇಡಿ. ಉಕ್ರೇನ್ ಆಗಿನ್ನೂ ಸೋವಿಯತ್ ಒಕ್ಕೂಟದ ಭಾಗ: ಯಾರೂ ಕೊಳ್ಳದ ಯಂತ್ರಗಳು, ದ್ನಿಪ್ರೊ ನಗರದ ಕಾರ್ಖಾನೆಯ ಕ್ಷಿಪಣಿಗಳು ಎಲ್ಲವೂ ಸೋವಿಯತ್ ಲೆಕ್ಕದಲ್ಲಿ ಸಂಪತ್ತೇ. ಇತ್ತ ಪೋಲೆಂಡ್ ಆಗ ಸಾಲದಲ್ಲಿ ಮುಳುಗಿ, ಹಣದುಬ್ಬರದಲ್ಲಿ ಬೇಯುತ್ತಿತ್ತು. ಆದರೂ ಮೂವತ್ತು ವರ್ಷಗಳಲ್ಲಿ ಬಿದ್ದ ಕಂದಕ ಸುಳ್ಳಲ್ಲ.

ಇಂಥ ಹೋಲಿಕೆ ಬಂದಾಗಲೆಲ್ಲ ಯಾರಾದರೊಬ್ಬರು "ಜನರ ಗುಣವೇ ಹಾಗೆ" ಎಂದು ಷರಾ ಬರೆಯುತ್ತಾರೆ. ಅಂಥವರಿಗೆ ನಿಮ್ಮ ಮಗಳು ಬಂದ ದಾರಿಯನ್ನೇ ತೋರಿಸಬೇಕು. ಲ್ವಿವ್‌ಗೂ ಗಡಿಯಾಚೆಯ ಪ್ಶೆಮಿಶ್ಲ್‌ಗೂ ಸುಮಾರು ನೂರು ಕಿಲೋಮೀಟರ್. 1918ರವರೆಗೆ ಎರಡೂ ಊರುಗಳು ಆಸ್ಟ್ರಿಯಾದ ದೊರೆಯ ಕೈಕೆಳಗಿದ್ದವು, ಮುಂದೆ 1939ರವರೆಗೆ ಎರಡೂ ಪೋಲೆಂಡಿನವೇ. ಎರಡನೆಯ ಮಹಾಯುದ್ಧದ ಕೊನೆಗೆ ನಡುವೆ ಗೆರೆ ಬಿತ್ತು. ಆ ಗೆರೆ ರೈಲು ಹಳಿಯಲ್ಲೂ ಕಾಣುತ್ತದೆ: ಪೋಲೆಂಡಿನ ಹಳಿಯ ಅಗಲ 1,435 ಮಿಲಿಮೀಟರ್, ಸೋವಿಯತ್ ಹಳಿಯದು 1,520. ಎಂಟೂವರೆ ಸೆಂಟಿಮೀಟರ್ ವ್ಯತ್ಯಾಸಕ್ಕೆ ರೈಲೇ ನಿಲ್ಲಬೇಕು. ಜನರ ಗುಣ ಬೇರೆಯಾಗಲು ಇಷ್ಟು ಸಾಕೇ?

ಹಾಗಾದರೆ ಏನಾಯಿತು? 1990ರ ಜನವರಿ 1ರಂದು ಪೋಲೆಂಡಿನ ಹಣಕಾಸು ಮಂತ್ರಿ ಲೆಶೆಕ್ ಬಾಲ್ಟ್ಸೆರೊವಿಚ್ ಅವರ ಯೋಜನೆ ಜಾರಿಗೆ ಬಂತು. ಹೆಚ್ಚಿನ ವಸ್ತುಗಳ ಬೆಲೆ ನಿಯಂತ್ರಣ ಹೋಯಿತು, ಸಬ್ಸಿಡಿಗಳಿಗೆ ಕತ್ತರಿ ಬಿತ್ತು, ಯಾರು ಬೇಕಾದರೂ ವ್ಯಾಪಾರ ಮಾಡಬಹುದಾಯಿತು. ವಾರ್ಸಾದ ಬೀದಿಗಳಲ್ಲಿ ಜನ ಮಡಚುವ ಮಂಚ ಬಿಡಿಸಿಟ್ಟು ಅದರ ಮೇಲೆ ಸಾಬೂನು, ಕಾಲುಚೀಲ, ಮಾಂಸ ಹರವಿಕೊಂಡು ಕುಳಿತರು. ರಾಜಧಾನಿಯ ದೊಡ್ಡ ಕ್ರೀಡಾಂಗಣವೇ ಸಂತೆಯಾಯಿತು. ಗಡಿಯಾಚೆಯಿಂದ ಉಕ್ರೇನಿನವರೂ ಚೀಲ ಹೊತ್ತು ಅಲ್ಲಿಗೆ ಬಂದರು. 1991ರಲ್ಲಿ ಷೇರುಪೇಟೆ ತೆರೆದದ್ದು ಎಲ್ಲಿ ಗೊತ್ತೇ? ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿ ಕೂರುತ್ತಿದ್ದ ಕಟ್ಟಡದಲ್ಲಿ.

ಉಕ್ರೇನಿನಲ್ಲಿ ಬೆಲೆಯ ಕಟ್ಟು ಅರ್ಧ ಬಿಚ್ಚಿತು, ಅರ್ಧ ಉಳಿಯಿತು. ರೋಗ ಇರುವುದು ಈ ಅರ್ಧದಲ್ಲಿ. ನಮ್ಮಲ್ಲಿ ಪಡಿತರದ ಅಕ್ಕಿ ರಾತ್ರೋರಾತ್ರಿ ಲಾರಿ ಹತ್ತಿ ಕಾಳಸಂತೆಗೆ ಹೋಗುವುದನ್ನು ನೀವು ಕಂಡಿರಬಹುದು. ಎರಡು ಬೆಲೆ ಇದ್ದಲ್ಲಿ ನಡುವೆ ನಿಂತವನಿಗೆ ಸುಗ್ಗಿ. ಉಕ್ರೇನಿನಲ್ಲಿ ಅಕ್ಕಿಯ ಬದಲು ಉಕ್ಕು, ಕಲ್ಲಿದ್ದಲು, ಅನಿಲ. ಒಳಗೆ ಸರ್ಕಾರಿ ದರ, ಹೊರಗೆ ಜಾಗತಿಕ ದರ. ರಫ್ತು ಪರವಾನಗಿ ಗಿಟ್ಟಿಸಿದವನು ಒಂದೇ ವರ್ಷದಲ್ಲಿ ಕುಬೇರ. ಅದರ ಮೇಲೆ ಸರ್ಕಾರಿ ಬ್ಯಾಂಕು ಹಣದುಬ್ಬರದ ಹತ್ತಿರಕ್ಕೂ ಬಾರದ ಬಡ್ಡಿಗೆ ಸಾಲ ಕೊಟ್ಟಿತು. 1993ರಲ್ಲಿ ಅಲ್ಲಿನ ಹಣದುಬ್ಬರ ಶೇಕಡಾ 10,000 ದಾಟಿತ್ತು. ಅಂಥ ವರ್ಷದಲ್ಲಿ ಸಾಲ ತೀರಿಸುವುದೆಂದರೆ ಚಿಲ್ಲರೆ ಎಸೆದಂತೆ. ಹೀಗೆ ಕೊಬ್ಬಿದವರು ಮುಂದೆ ಟಿ.ವಿ. ವಾಹಿನಿ ಕೊಂಡರು, ಸಂಸದರನ್ನು ಸಾಕಿದರು, ಉಳಿದರ್ಧ ಬಿಚ್ಚದಂತೆ ನೋಡಿಕೊಂಡರು. 1990ರ ದಶಕ ಮುಗಿಯುವ ಹೊತ್ತಿಗೆ ದೇಶದ ಉತ್ಪನ್ನ ಅರ್ಧಕ್ಕಿಂತ ಕೆಳಗಿಳಿದಿತ್ತು.

ಮಾರಾಟದ ಕತೆಗೂ ಬರೋಣ, ನೀವು ಕೇಳಿದ್ದು ಅದನ್ನೇ. ಕ್ರಿವಿರಿಹ್ ನಗರದ ಕ್ರಿವೊರಿಷ್‌ಸ್ತಾಲ್ ಉಕ್ರೇನಿನ ಅತಿ ದೊಡ್ಡ ಉಕ್ಕಿನ ಕಾರ್ಖಾನೆ. 2004ರಲ್ಲಿ ಅದು ಸುಮಾರು 80 ಕೋಟಿ ಡಾಲರ್‌ಗೆ ಬಿಕರಿಯಾಯಿತು. ಕೊಂಡವರು ಯಾರು? ಧನಾಢ್ಯ ರಿನಾತ್ ಅಖ್ಮೆತೊವ್ ಮತ್ತು ಆಗಿನ ಅಧ್ಯಕ್ಷ ಕುಚ್ಮಾ ಅವರ ಅಳಿಯ ವಿಕ್ಟರ್ ಪಿಂಚುಕ್. ಹೆಚ್ಚು ಹಣ ಕೊಡುತ್ತೇವೆ ಎಂದ ವಿದೇಶಿಯರನ್ನು ಬಾಗಿಲಲ್ಲೇ ತಡೆಯಲಾಯಿತು. ಆ ವರ್ಷದ ಕೊನೆಗೆ ಜನ ಬೀದಿಗಿಳಿದರು, ಸರ್ಕಾರ ಬದಲಾಯಿತು, ಮಾರಾಟ ರದ್ದಾಯಿತು. 2005ರ ಅಕ್ಟೋಬರ್‌ನಲ್ಲಿ ಟಿ.ವಿ. ಕ್ಯಾಮೆರಾಗಳ ಮುಂದೆ ಮತ್ತೆ ಹರಾಜು. ಈ ಸಲ ಬಂದದ್ದು 480 ಕೋಟಿ ಡಾಲರ್. ಅದೇ ಕುಲುಮೆ, ಅದೇ ಗೇಟು, ಬೆಲೆ ಮಾತ್ರ ಆರು ಪಟ್ಟು! ಕೊಂಡವರು ನಮ್ಮ ರಾಜಸ್ಥಾನದಲ್ಲಿ ಹುಟ್ಟಿದ ಲಕ್ಷ್ಮಿ ಮಿತ್ತಲ್ ಅವರ ಕಂಪನಿ. ಕ್ರಾಕೌ ನಗರದ ನೋವಾ ಹುತಾ ಸೇರಿದಂತೆ ಪೋಲೆಂಡಿನ ದೊಡ್ಡ ಉಕ್ಕಿನ ಕಾರ್ಖಾನೆಗಳನ್ನು ಅದಕ್ಕೆ ತುಸು ಮೊದಲು ಕೊಂಡದ್ದೂ ಇದೇ ಮಿತ್ತಲ್ ಗುಂಪು. ಕೊನೆಗೆ ಎರಡೂ ಕಡೆ ಯಜಮಾನ ಒಬ್ಬನೇ ಆದ. ಆದ್ದರಿಂದ ಖಾಸಗಿಯೋ ಸರ್ಕಾರಿಯೋ ಎಂಬ ಜಗಳ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಹರಾಜಿನ ಕೋಣೆಯೊಳಗೆ ಯಾರನ್ನು ಬಿಟ್ಟರು, ಯಾರನ್ನು ಬಿಡಲಿಲ್ಲ ಎನ್ನುವುದೇ ನನಗೆ ಮುಖ್ಯ.

ಆದರೆ ಉಕ್ರೇನಿನವರನ್ನೇ ಕಟಕಟೆಯಲ್ಲಿ ನಿಲ್ಲಿಸುವುದು ಅನ್ಯಾಯ. ಪೋಲೆಂಡಿಗೆ ತನ್ನದೇ ನಾಣ್ಯವಿತ್ತು, ಮಂತ್ರಾಲಯಗಳಿದ್ದವು. ಕಮ್ಯುನಿಸ್ಟ್ ಆಡಳಿತದಲ್ಲೂ ಸುಮಾರು ಮುಕ್ಕಾಲು ಪಾಲು ಹೊಲ ರೈತರ ಕೈಯಲ್ಲೇ ಉಳಿದಿತ್ತು. ಉಕ್ರೇನ್ ಎಲ್ಲವನ್ನೂ ಮೊದಲಿನಿಂದ ಕಟ್ಟಬೇಕಾಯಿತು. ಈಗಿನ ನಾಣ್ಯ ಹ್ರಿವ್ನಿಯಾ ಬಂದದ್ದೇ 1996ರಲ್ಲಿ. ಎರೆಮಣ್ಣಿನ ದೇಶ ಅದು, ಗದಗಿನವರಾದ ನಿಮಗೆ ಎರೆಯ ಬೆಲೆ ನಾನು ಹೇಳಬೇಕಿಲ್ಲ. ಆದರೂ ಕೃಷಿ ಭೂಮಿ ಮಾರುವುದಕ್ಕೆ 2021ರವರೆಗೆ ನಿಷೇಧವಿತ್ತು. ಸಾಲ ಕೊಟ್ಟ ಸರ್ಕಾರಗಳು ಪೋಲೆಂಡಿನಿಂದ ತಮಗೆ ಬರಬೇಕಿದ್ದುದರಲ್ಲಿ ಅರ್ಧದಷ್ಟನ್ನು 1991ರಲ್ಲಿ ಮನ್ನಾ ಮಾಡಲು ಒಪ್ಪಿದವು. ಯುರೋಪ್ ಒಕ್ಕೂಟದ ಬಾಗಿಲೂ ಅದೇ ವರ್ಷದ ಒಪ್ಪಂದದಿಂದ ತುಸು ತೆರೆಯಿತು; 2004ರಲ್ಲಿ ಪೋಲೆಂಡ್ ಒಳಗೆ ಹೋಯಿತು. ಒಳಗೆ ಹೋಗುವ ಆಸೆಯಿಂದ ಅಲ್ಲಿನ ಯಾವ ಪಕ್ಷ ಬಂದರೂ ಅದೇ ಕಾನೂನುಗಳನ್ನು ಮಾಡಬೇಕಾಯಿತು, ಕಳ್ಳರಿಗೂ ಕೈ ಕಟ್ಟಿತು. ಉಕ್ರೇನಿಗೆ ಅಭ್ಯರ್ಥಿಯ ಸ್ಥಾನ ಸಿಕ್ಕಿದ್ದು 2022ರ ಜೂನ್‌ನಲ್ಲಿ, ಬಾಂಬುಗಳು ಬೀಳುತ್ತಿದ್ದಾಗ. ಎಲ್ಲ ಕಾರಣಗಳಲ್ಲಿ ನಾನು ಹೆಚ್ಚು ತೂಕ ಕೊಡುವುದು ಈ ಬಾಗಿಲಿಗೇ.

ಮಗಳು ಕಂಡ ಆ ರಸ್ತೆಯೂ ಇದರದೇ ಫಲ. ಝೆಶೂಫ್‌ನಿಂದ ಉಕ್ರೇನಿನ ಗಡಿಯವರೆಗಿನ ಹೆದ್ದಾರಿ 2016ರಲ್ಲಿ ಪೂರ್ತಿಯಾಯಿತು, ಅದರಲ್ಲಿ ಯುರೋಪ್ ಒಕ್ಕೂಟದ ಹಣವಿದೆ.

ಪೋಲೆಂಡನ್ನು ಸ್ವರ್ಗವೆಂದು ಬಗೆಯುವುದೂ ಬೇಡ. 2002ರ ಹೊತ್ತಿಗೆ ಅಲ್ಲಿ ಐವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಸರ್ಕಾರಿ ಬೇಸಾಯ ಕ್ಷೇತ್ರಗಳನ್ನು ಮುಚ್ಚಿದ ಹಳ್ಳಿಗಳಲ್ಲಿ ಇಡೀ ತಲೆಮಾರು ಕೈಚೆಲ್ಲಿ ಕುಳಿತಿತು. ಬಾಲ್ಟ್ಸೆರೊವಿಚ್ ತೊಲಗಲಿ ಎಂಬ ಘೋಷಣೆ ಅಲ್ಲಿನ ರೈತ ಸಭೆಗಳಲ್ಲಿ ವರ್ಷಗಟ್ಟಲೆ ಮೊಳಗಿತು. ಒಕ್ಕೂಟ ಸೇರಿದ ಮೇಲೆ ಲಕ್ಷಾಂತರ ಯುವಕರು ಬ್ರಿಟನ್, ಐರ್ಲೆಂಡ್‌ಗಳಿಗೆ ಗಂಟು ಕಟ್ಟಿದರು. ಇನ್ನು ಮೂರನೆಯ ನೆರೆಯ ಬೆಲಾರಸ್: ದೊಡ್ಡ ಕಾರ್ಖಾನೆಗಳನ್ನು ಮಾರದೆ, ರಷ್ಯಾದ ಅಗ್ಗದ ತೈಲ ನೆಚ್ಚಿಕೊಂಡು, 2021ರಲ್ಲಿ ತಲಾ ಉತ್ಪನ್ನದಲ್ಲಿ ಉಕ್ರೇನಿಗಿಂತ ಮುಂದಿತ್ತು. ನಮ್ಮ ಲೇಖನ ಅದರ ಹೆಸರನ್ನೂ ಎತ್ತಲಿಲ್ಲ, ಎತ್ತಿದ್ದರೆ ವಾದ ನಿಲ್ಲುತ್ತಿರಲಿಲ್ಲ.

ತಿದ್ದುಪಡಿಯನ್ನು ಮುಂದಿನ ಸಂಚಿಕೆಯಲ್ಲಿ, ಲೇಖನ ಬಂದ ಪುಟದಲ್ಲೇ ಹಾಕುತ್ತೇವೆ. ಮಗಳಿಗೆ ಒಂದು ಮಾತು ತಿಳಿಸಿ: ಲ್ವಿವ್ ನಿಲ್ದಾಣದಿಂದ ಗಡಿಯ ಆ ಬಸ್ಸಿನವರೆಗೆ ಕಂಡದ್ದನ್ನು ಬರೆದು ಕಳುಹಿಸಲಿ. ಎರಡು ಪುಟ ಎತ್ತಿಟ್ಟಿದ್ದೇನೆ. ಅವಳ ಬರಹದಲ್ಲಿ ಅಂಕಿ ಅಂಶ ಇಲ್ಲದಿದ್ದರೂ ಸರಿ.

ಸಂಪಾದಕ