ಬಡಾವಣೆ ಪಾರ್ಕಿನ ಪ್ಲಾನ್: ನೆರಳು ಮೊದಲು ಎಲ್ಲಿಗೆ ಬೇಕು?

ಮೇಡಂ, ನಿಮ್ಮ ಪ್ರಶ್ನೆ ಓದಿದೆ. ಬಡಾವಣೆಯ ಖಾಲಿ ಜಾಗದಲ್ಲಿ ಪಾರ್ಕ್ ಮಾಡೋಕೆ ಸಮಿತಿ ಆಗಿದೆ, 200 ಗಿಡ ನೆಡೋ ಆಸೆ ಇದೆ, ಬಿಸಿಲು ಮಳೆ ಎರಡಕ್ಕೂ ತಡೆಯೋ ಜಾತಿ ಹೇಳಿ ಅಂದಿದ್ದೀರಿ. ಗಿಡದ ಹೆಸರು ಆಗಲೇ ಬೇಕಾದಷ್ಟು ಬಂದಿವೆ. ನಾನು ಸ್ವಲ್ಪ ಅಡ್ಡಬಾಯಿ ಹಾಕ್ತೀನಿ, ಬೇಜಾರಾಗಬೇಡಿ. ಗಿಡದ ಪಟ್ಟಿ ಕೊನೆಗಿರಲಿ. ಮೊದಲು ನಿಮ್ಮಲ್ಲಿ ನೆರಳಿಲ್ಲದೆ ಒದ್ದಾಡ್ತಿರೋರು ಯಾರು ನೋಡಿ.

ಅಮೆರಿಕದಲ್ಲಿ 1930ರ ದಶಕದಲ್ಲಿ ಸಾಲ ಕೊಡೋದು ಅಪಾಯ ಅಂತ ಕೆಲವು ಕೇರಿಗಳಿಗೆ ನಕ್ಷೆಯಲ್ಲಿ ಕೆಂಪು ಬಳಿದಿದ್ರು. ಬಹುಪಾಲು ಕಪ್ಪು ಜನ, ವಲಸೆ ಬಂದವರು ಇದ್ದ ಕಡೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಲ್ಲಿನ 108 ನಗರಗಳ ನೆಲದ ತಾಪ ನೋಡಿತು. 94% ನಗರಗಳಲ್ಲಿ ಆ ಕೆಂಪು ಕೇರಿಗಳೇ ಹೆಚ್ಚು ಕಾಯ್ತಿದ್ವು, ಕೆಲವೆಡೆ 7 ಡಿಗ್ರಿ ಸೆಲ್ಸಿಯಸ್‌ವರೆಗೂ. ದುಡ್ಡು ಹೋಗದ ಕಡೆ ಮರವೂ ಹೋಗಲಿಲ್ಲ, ಅಷ್ಟೇ.

ನೀವು ಮಾಡಬೇಕಾದ್ದು ಸುಲಭ. ಒಂದು ಮಾಮೂಲಿ ಥರ್ಮಾಮೀಟರ್ ತಗೊಂಡು ಬಿಸಿಲಿರೋ ದಿನ ಮಧ್ಯಾಹ್ನ ಎರಡರಿಂದ ನಾಲ್ಕರ ಒಳಗೆ ಬೀದಿ ಬೀದಿ ಸುತ್ತಿ. ಥರ್ಮಾಮೀಟರಿಗೆ ನೇರ ಬಿಸಿಲು ಬೀಳದ ಹಾಗೆ ರಟ್ಟು ಅಡ್ಡ ಹಿಡೀರಿ, ಇಲ್ಲಾಂದ್ರೆ ಅಳತೆ ಸುಳ್ಳಾಗುತ್ತೆ. ಒಂದು ಸಲ ಎದೆಮಟ್ಟ, ಒಂದು ಸಲ ಮೊಣಕಾಲ ಮಟ್ಟದಲ್ಲಿ ಹಿಡೀರಿ. ಪುಟ್ಟ ಮಕ್ಕಳು ನಡೆಯೋದು ಹೆಚ್ಚುಕಮ್ಮಿ ಆ ಎತ್ತರದಲ್ಲೇ, ಡಾಂಬರಿನ ಕಾವು ಅವರಿಗೇ ಹತ್ತಿರ. ಜನ ಎಲ್ಲಿ ನಿಂತಿದ್ದಾರೆ ಅಂತಾನೂ ಬರ್ಕೊಳ್ಳಿ. ನಾನು ಹೀಗೆ ಸುತ್ತಿದಾಗ ಬಸ್ ಸ್ಟಾಪಿನಲ್ಲಿ ನಾಲ್ಕು ಜನ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಂತಿದ್ರು. ಕ್ಯೂ ಇರಬೇಕು ಅಂದ್ಕೊಂಡೆ. ಹತ್ತಿರ ಹೋದರೆ ಲೈಟ್ ಕಂಬದ ಗೇಣಗಲ ನೆರಳಿಗೆ ನಿಂತಿದ್ದು! ಅಲ್ಲಿ ಎರಡು ಮರ ನೆಡದೆ ಪಾರ್ಕ್ ಒಳಗೆ ಇನ್ನೂರು ನೆಟ್ಟು ಏನು ಸುಖ?

3-30-300 ಅಂತ ಒಂದು ಲೆಕ್ಕ ಇದೆ. ನಗರ ಅರಣ್ಯ ತಜ್ಞ ಸೆಸಿಲ್ ಕೋನೈನೆಂಡೈಕ್ 2021ರಲ್ಲಿ ಮುಂದಿಟ್ಟಿದ್ದು. ಪ್ರತಿ ಮನೆಯಿಂದ 3 ಮರ ಕಾಣಬೇಕು, ಬಡಾವಣೆಯ 30% ಭಾಗಕ್ಕೆ ಮರದ ನೆರಳಿರಬೇಕು, 300 ಮೀಟರಿನೊಳಗೆ ಪಾರ್ಕ್ ಸಿಗಬೇಕು. ಒಳ್ಳೇ ಲೆಕ್ಕವೇ, ಆದರೆ 300 ಮೀಟರನ್ನ ನಕ್ಷೆ ಮೇಲೆ ಸ್ಕೇಲ್ ಇಟ್ಟು ಅಳೀಬೇಡಿ, ನಡೆದು ಅಳೀರಿ. ಗೇಟು ಆ ಕಡೆ ಇದ್ದು ಮಧ್ಯೆ ದೊಡ್ಡ ರಸ್ತೆ ಬಂದ್ರೆ ಅಜ್ಜಿಗೆ ಅದು ಮೂರು ಕಿಲೋಮೀಟರೇ.

ಇನ್ನು ಯಾರನ್ನ ಕೇಳ್ತೀರಿ ಅನ್ನೋದು. ನಾನಿದ್ದ ಸಮಿತಿಯಲ್ಲಿ ಭಾನುವಾರ ಬೆಳಗ್ಗೆ ಮೀಟಿಂಗ್ ಇಟ್ವಿ, ಬಂದೋರೆಲ್ಲ ವಾಕಿಂಗ್ ಬಳಗ. ವಾಕಿಂಗ್ ಟ್ರ್ಯಾಕ್ ಆಯ್ತು, ಹತ್ತರಿಂದ ನಾಲ್ಕರವರೆಗೆ ಗೇಟಿಗೆ ಬೀಗವೂ ಬಿತ್ತು. ಸುಡೋ ಹೊತ್ತಲ್ಲೇ ಬೀಗ! ಡೆಲಿವರಿ ಹುಡುಗರು, ಮನೆಗೆಲಸಕ್ಕೆ ಬರೋರು ಹೊರಗೆ ಕಾಂಪೌಂಡ್ ಗೋಡೆಗೆ ಒರಗಿ ಕೂರೋರು. ಬೀಗಕ್ಕೆ ಕೈ ಎತ್ತಿದೋರಲ್ಲಿ ನಾನೂ ಒಬ್ಬ. ಹಾಗಾಗಿ ಮೀಟಿಂಗ್ ನೆಚ್ಕೋಬೇಡಿ, ಹಾಗೆ ಹೊರಗೆ ಕೂರೋರು ಇರೋ ಜಾಗಕ್ಕೆ, ಅವರಿಗೆ ಬಿಡುವಿರೋ ಹೊತ್ತಿಗೆ ನೀವೇ ಹೋಗಿ.

ಹುಡುಗಿಯರನ್ನ ಬೇರೆಯಾಗೇ ಕೇಳಿ. ವಿಯೆನ್ನಾ ನಗರದಲ್ಲಿ 1990ರ ದಶಕದಲ್ಲಿ ನೋಡಿದಾಗ ಒಂಬತ್ತು ವರ್ಷ ದಾಟಿದ ಮೇಲೆ ಹುಡುಗಿಯರು ಪಾರ್ಕಿಗೆ ಬರೋದೇ ಕಮ್ಮಿಯಾಗಿತ್ತು, ಮೈದಾನ ಪೂರ್ತಿ ಹುಡುಗರ ಕೈಲಿತ್ತು. 1999ರಿಂದ ಎರಡು ಪಾರ್ಕುಗಳಲ್ಲಿ ಬಯಲನ್ನ ಸಣ್ಣ ಸಣ್ಣ ಭಾಗ ಮಾಡಿ, ಬೇರೆ ಆಟಗಳಿಗೂ ಜಾಗ ಕೊಟ್ಟು, ಓಡಾಡೋ ದಾರಿ ಸರಿಮಾಡಿದ್ರು. ಹುಡುಗಿಯರು ತಿರುಗಿ ಬಂದ್ರು. ಗಾಲಿಕುರ್ಚಿಗೆ ಮೆಟ್ಟಿಲಿಲ್ಲದ ಬಾಗಿಲು, ಬೆನ್ನಾನಿಸೋ ಬೆಂಚು, ರಾತ್ರಿ ಬೆಳಕು, ಶೌಚಾಲಯ ಇವೆಲ್ಲ ಪ್ಲಾನಿನಲ್ಲೇ ಇರಲಿ. ಆಮೇಲೆ ಸೇರಿಸ್ತೀವಿ ಅಂದದ್ದು ಆಗಲ್ಲ.

ಮಳೆಗೆ: ಹುಲ್ಲಿನ ಜಾಗ ದಾರಿಗಿಂತ ಒಂದು ಗೇಣು ತಗ್ಗಿರಲಿ, ರಸ್ತೆ ನೀರು ಅಲ್ಲಿಗೆ ಇಳೀಲಿ. ಅದಕ್ಕೂ ಮೊದಲು ಒಂದಡಿ ಗುಂಡಿ ತೋಡಿ ಎರಡು ಸಲ ನೀರು ತುಂಬಿ, ಎರಡನೇ ಸಲ ಎಷ್ಟು ಹೊತ್ತಿಗೆ ಇಂಗುತ್ತೆ ನೋಡಿ. ಎರಡು ದಿನಕ್ಕಿಂತ ಹೆಚ್ಚು ಹೊತ್ತು ನೀರು ನಿಂತ್ರೆ ಸೊಳ್ಳೆ ಸಾಕಿದ ಹಾಗೆ.

ಗಿಡದ ಬಗ್ಗೆ ಎರಡೇ ಮಾತು. 200 ನೆಟ್ಟು 150 ಒಣಗಿಸೋ ಬದಲು 60 ನೆಟ್ಟು ಮೊದಲ ಎರಡು ಮೂರು ಬೇಸಿಗೆ ನೀರು ಹಾಕೋರು ಯಾರು ಅಂತ ಬರೆದಿಡಿ. ಆ ಕೆಲಸ ಅಕ್ಕಪಕ್ಕದ ಬಡವರ ಮನೆಯವರಿಗೆ ಸಂಬಳ ಕೊಟ್ಟು ಕೊಡಿ, ಪುಕ್ಕಟೆ ಶ್ರಮದಾನ ಎರಡು ತಿಂಗಳೂ ನಡೆಯಲ್ಲ. ಒಂದೇ ಜಾತಿ ತುಂಬಬೇಡಿ, ಒಂದು ರೋಗಕ್ಕೆ ಸಾಲಿಗೆ ಸಾಲೇ ಹೋಗುತ್ತೆ. ಬುಡದ ತನಕ ಸಿಮೆಂಟ್ ಬಳಿಯೋ ಕಂಟ್ರಾಕ್ಟರ್ ಬಂದ್ರೆ ದಯವಿಟ್ಟು ಅಡ್ಡ ನಿಲ್ಲಿ.

ಬೀದಿವಾರು ತಾಪ ಬರೆದ ನಕ್ಷೆ, ಆ ಗುಂಡಿಯ ಫೋಟೋ, ಮೇಲೆ ವಿದ್ಯುತ್ ತಂತಿ ಎಲ್ಲೆಲ್ಲಿದೆ ಅನ್ನೋದು, ಈ ಮೂರನ್ನ ಇಲ್ಲೇ ಹಾಕಿ. ಆಮೇಲೆ ಜಾತಿ ಆರಿಸೋಕೆ ಕೂರೋಣ.