ಪೈಪ್ ಹಾಕಿ ಆಗಿದೆ, ಇನ್ನೇನು ತಕರಾರು ಅಂತ ಕೇಳಿದ ತಮ್ಮನಿಗೆ

ತಮ್ಮಾ,

ನಿನ್ನ ಪತ್ರ ಎರಡು ದಿನದಿಂದ ತಲೆಯಲ್ಲೇ ಕೂತಿದೆ. ಕ್ಯಾಲ್ಗರಿಗೆ ಬಂದು ಎಂಟು ತಿಂಗಳಾಯಿತು, ಡಾಸನ್ ಕ್ರೀಕ್ ಕಡೆಯಿಂದ ಕಿಟಿಮ್ಯಾಟ್ ಕರಾವಳಿಗೆ ಗ್ಯಾಸ್ ಒಯ್ಯುವ ಕೋಸ್ಟಲ್ ಗ್ಯಾಸ್‌ಲಿಂಕ್ ಪೈಪ್‌ಲೈನಿನಲ್ಲಿ, ಗ್ಯಾಸನ್ನು ಒತ್ತಿ ಮುಂದೆ ತಳ್ಳುವ ಕಂಪ್ರೆಸರ್ ಸ್ಟೇಷನ್ ಕೆಲಸಕ್ಕೆ ಕರೆ ಬಂದಿದೆ, ಸಂಬಳ ಚೆನ್ನಾಗಿದೆ ಅಂತ ಬರೆದಿದ್ದೀಯ. "ಅಕ್ಕಾ, ಪೈಪ್ ಹಾಕಿ ಆಗಿದೆ, ಗ್ಯಾಸ್ ಹರಿಯುತ್ತಿದೆ. ಈಗ ನಾಲ್ಕು ಮಷೀನ್ ಜಾಸ್ತಿ ಇಡುತ್ತಾರೆ, ಅಷ್ಟೇ ತಾನೆ? ಅಲ್ಲಿನ ಮೂಲನಿವಾಸಿಗಳು ಇನ್ನೂ ಯಾಕೆ ವಿರೋಧ ಮಾಡುತ್ತಾರೆ? ಆ ಕಡೆ ಬದುಕೋದು ಕಷ್ಟ ಆಗುತ್ತಾ?" ಅಂತ ಕೇಳಿದ್ದೀಯ.

ಬದುಕಿನ ಮಾತು ಮೊದಲು ಮುಗಿಸಿಬಿಡುತ್ತೇನೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಈ ಸ್ಮಿದರ್ಸ್ ಊರಿನಲ್ಲಿ ನನಗೆ ಇದು ಹದಿನಾರನೇ ವರ್ಷ. ಚಳಿ ರೂಢಿಯಾಗುತ್ತದೆ. ಇಲ್ಲಿನ ಹೆದ್ದಾರಿಗಳಲ್ಲಿ ಅಕ್ಟೋಬರ್ 1ರಿಂದ ಕಾರಿಗೆ ಚಳಿಗಾಲದ ಟೈರ್ ಇರಲೇಬೇಕು, ಅದು ಕಾನೂನು. ಸೋನಾ ಮಸೂರಿ, ತೊಗರಿಬೇಳೆ ತರಲು ನಾವು ನಾಲ್ಕು ಗಂಟೆ ಕಾರು ಓಡಿಸಿ ಪ್ರಿನ್ಸ್ ಜಾರ್ಜ್‌ಗೆ ಹೋಗುತ್ತೇವೆ. ಜನ ಒಳ್ಳೆಯವರು. ಇನ್ನೊಂದು ಪ್ರಶ್ನೆಗೆ ಮಾತ್ರ ಉತ್ತರ ಉದ್ದ ಇದೆ.

ನಾನು ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬರು "ನಿಮ್ಮ ನದಿ ಯಾವುದು?" ಅಂತ ಕೇಳಿದರು. ಊರು ಯಾವುದು ಅಂತ ಅಲ್ಲ, ನದಿ. ನಾನು ಶರಾವತಿ ಅಂದೆ. ಅಜ್ಜನ ಮನೆ, ಅಡಿಕೆ ತೋಟ, ಗದ್ದೆ ಎಲ್ಲ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಕತೆ ಹೇಳಿದೆ. ಬದಲಿಗೆ ಸಿಕ್ಕ ಜಾಗಕ್ಕೆ ಇವತ್ತಿಗೂ ಹಕ್ಕುಪತ್ರ ಇಲ್ಲ ಅಂತಲೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಮ್ಮ ನದಿಯ ಹೆಸರು ಹೇಳಿದರು. ವೆಡ್ಜಿನ್ ಕ್ವಾ. ನಕ್ಷೆಯಲ್ಲಿ ನೋಡಿದರೆ ಮೋರಿಸ್ ನದಿ ಅಂತ ಇರುತ್ತದೆ. ಅದರ ನೀರನ್ನು ಅವರು ಹಾಗೇ ಮೊಗೆದು ಕುಡಿಯುತ್ತಾರೆ. ಸಾಲ್ಮನ್ ಮೀನು ಮೊಟ್ಟೆಯಿಡಲು ಸಮುದ್ರದಿಂದ ಅಲ್ಲಿಗೆ ಹತ್ತಿ ಬರುತ್ತದೆ. 2022ರಲ್ಲಿ ಆ ನದಿಯ ತಳದ ಕೆಳಗೇ ಸುರಂಗ ಕೊರೆಯಲು ಶುರು ಮಾಡಿ, ಆಮೇಲೆ ನಿನ್ನ ಪೈಪ್ ದಾಟಿಸಿದರು.

ಆ ಹೆಂಗಸು ಈ ಕಡೆಯ ಮೂಲನಿವಾಸಿಗಳಾದ ವೆಟ್ಸೊವೆಟೆನ್ ಜನ. ಅವರಲ್ಲಿ ಐದು ಕುಲ, 13 ಮನೆತನ. ಮಕ್ಕಳು ತಾಯಿಯ ಕುಲಕ್ಕೆ ಸೇರುತ್ತಾರೆ. ತುಳುನಾಡಿನ ಅಳಿಯಸಂತಾನ ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದೊಂದು ಮನೆತನಕ್ಕೂ ಇಂತಿಷ್ಟು ಕಾಡು, ಇಂತಿಷ್ಟು ಹೊಳೆ ಅಂತ ಇದೆ. ಮುಖ್ಯಸ್ಥರ ಹೆಸರು ತಲೆಮಾರಿನಿಂದ ತಲೆಮಾರಿಗೆ ಹೋಗುತ್ತದೆ. ಊಟ ಹಾಕಿ, ಎಲ್ಲರ ಎದುರಿಗೆ, ಆ ಹೆಸರನ್ನು ಒಪ್ಪಿಸುತ್ತಾರೆ. ಒಟ್ಟು 22,000 ಚದರ ಕಿಲೋಮೀಟರ್ ನೆಲ. ಇದನ್ನು ಅವರು ಯಾವ ಒಪ್ಪಂದದಲ್ಲೂ ಯಾರಿಗೂ ಬಿಟ್ಟುಕೊಟ್ಟಿಲ್ಲ.

ಇದು ಬರೀ ಅವರ ಮಾತಲ್ಲ. ವೆಟ್ಸೊವೆಟೆನ್ ಮತ್ತು ಪಕ್ಕದ ಗಿಟ್ಕ್‌ಸನ್ ಮುಖ್ಯಸ್ಥರು ಸೇರಿ ಕೋರ್ಟಿಗೆ ಹೋದರು. ಡೆಲ್ಗಮೂಕ್ ಪ್ರಕರಣ ಅಂತ ಅದರ ಹೆಸರು. 1991ರಲ್ಲಿ ಕೆಳಗಿನ ಕೋರ್ಟು ಅವರ ಬಾಯಿಮಾತಿನ ಇತಿಹಾಸವನ್ನು, ಹಾಡುಗಳನ್ನು ಗಣನೆಗೇ ತೆಗೆದುಕೊಳ್ಳಲಿಲ್ಲ. 1997ರ ಡಿಸೆಂಬರ್‌ನಲ್ಲಿ ಕೆನಡಾದ ಸುಪ್ರೀಂ ಕೋರ್ಟು ಅದು ತಪ್ಪು ಅಂದಿತು. ಮೂಲನಿವಾಸಿಗಳ ಭೂಮಿಯ ಹಕ್ಕು ಅಳಿದಿಲ್ಲ, ಆದರೆ ಈ ಪ್ರಕರಣದ ವಿಚಾರಣೆ ಹೊಸದಾಗಿ ನಡೆಯಬೇಕು ಅಂದಿತು. ಆ ಹೊಸ ವಿಚಾರಣೆ ನಡೆಯಲೇ ಇಲ್ಲ. ಹಕ್ಕು ಇದೆ, ಆದರೆ ಕೈಗೆ ಬಂದಿಲ್ಲ. ನಮ್ಮ ಮನೆಯ ಹಕ್ಕುಪತ್ರದ ಕತೆ ಕೇಳಿ ಬೆಳೆದವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ದಾರಿಯಲ್ಲಿ ಬರುವ 20 ಫಸ್ಟ್ ನೇಷನ್‌ಗಳೂ, ಅಂದರೆ ಮೂಲನಿವಾಸಿ ಸಮುದಾಯಗಳೂ, ಪೈಪ್‌ಲೈನಿಗೆ ಸಹಿ ಹಾಕಿವೆ" ಅಂತ ಕಂಪನಿ ಕಡೆಯವರು ನಿನಗೆ ಹೇಳುತ್ತಾರೆ. ಅದು ನಿಜ. ಸಹಿ ಹಾಕಿದ್ದು ಬ್ಯಾಂಡ್ ಕೌನ್ಸಿಲ್ ಅನ್ನುವ ಚುನಾಯಿತ ಮಂಡಳಿಗಳು. ವೆಟ್ಸೊವೆಟೆನ್ ಕೌನ್ಸಿಲ್‌ಗಳೂ ಅದರಲ್ಲಿವೆ. ಆದರೆ ಈ ಕೌನ್ಸಿಲ್ ಪದ್ಧತಿ ಬಂದಿದ್ದು ಇಂಡಿಯನ್ ಆ್ಯಕ್ಟ್‌ನಿಂದ, ಅಂದರೆ 1876ರ ಕಾನೂನಿನಿಂದ. ಅವುಗಳ ಅಧಿಕಾರ ರಿಸರ್ವ್ ಅನ್ನುವ ಚಿಕ್ಕ ಚಿಕ್ಕ ತುಂಡು ಜಾಗಗಳದ್ದು. ಅದರಾಚೆಯ ಕಾಡು ಹೊಳೆಗೆ ನಾವು ಹೊಣೆ ಅನ್ನುತ್ತಾರೆ ಮನೆತನದ ಮುಖ್ಯಸ್ಥರು. ಅವರು ಒಪ್ಪಿರಲಿಲ್ಲ. ಸಹಿ ಹಾಕಿದವರನ್ನು ದ್ರೋಹಿಗಳು ಅನ್ನಬೇಡ. ಅವರಿಗೂ ಮಕ್ಕಳಿದ್ದಾರೆ, ಮನೆ ರಿಪೇರಿ ಇದೆ, ಕೆಲಸ ಬೇಕು. ಕಿಟಿಮ್ಯಾಟ್ ಹತ್ತಿರದ ಹೈಸ್ಲಾ ಜನ ಗ್ಯಾಸನ್ನು ದ್ರವ ಮಾಡಿ ಹಡಗಿಗೆ ತುಂಬುವ ಸೀಡರ್ ಅನ್ನುವ ಘಟಕಕ್ಕೆ ತಾವೇ ದೊಡ್ಡ ಪಾಲುದಾರರು. ಒಂದೇ ಮನೆಯಲ್ಲಿ ಅಣ್ಣ ಪೈಪ್‌ಲೈನ್ ಕೆಲಸಕ್ಕೆ, ತಂಗಿ ಅದನ್ನು ತಡೆಯಲು ದಾರಿಯಲ್ಲಿ ಹಾಕಿದ ಶಿಬಿರಕ್ಕೆ ಹೋಗಿದ್ದನ್ನು ನಾನು ನೋಡಿದ್ದೇನೆ. ಆ ಮನೆಯಲ್ಲಿ ಈಗಲೂ ಹಬ್ಬಕ್ಕೆ ಒಟ್ಟಿಗೆ ಕೂರುವುದಿಲ್ಲ.

2019, 2020, 2021, ಮೂರು ಸಲ ಪೊಲೀಸರು ಪೈಪ್‌ಲೈನ್ ಕೆಲಸಕ್ಕೆ ಅಡ್ಡಿ ಮಾಡಬಾರದು ಅನ್ನುವ ಕೋರ್ಟಿನ ಆಜ್ಞೆ ಹಿಡಿದು ಶಿಬಿರಗಳ ಮೇಲೆ ಹೋದರು. 2021ರ ನವೆಂಬರ್‌ನಲ್ಲಿ ಮರದ ಮನೆಯ ಬಾಗಿಲನ್ನು ಕೊಡಲಿ, ಗರಗಸ ಹಾಕಿ ಒಡೆದರು. ಅದರ ವೀಡಿಯೊ ಇದೆ, ನೋಡು. 2020ರಲ್ಲಿ ಇವರಿಗೆ ಬೆಂಬಲವಾಗಿ ಒಂಟಾರಿಯೊದ ಮೊಹಾಕ್ ಜನ ರೈಲು ತಡೆದಾಗ ಇಡೀ ದೇಶಕ್ಕೆ ವೆಟ್ಸೊವೆಟೆನ್ ಹೆಸರು ಗೊತ್ತಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಕೇಂದ್ರ, ಪ್ರಾಂತ್ಯ ಎರಡೂ ಸರ್ಕಾರಗಳು ಭೂಮಿಯ ಹಕ್ಕು ಮನೆತನಗಳದ್ದೇ ಅಂತ ಬರೆದು ಸಹಿ ಹಾಕಿದವು. ಪೈಪ್‌ಲೈನ್ ಕೆಲಸ ಮಾತ್ರ ನಿಲ್ಲಲಿಲ್ಲ.

ಇನ್ನು ನಿನ್ನ ನಾಲ್ಕು ಮಷೀನ್. ಕಂಪ್ರೆಸರ್ ಏನು ಮಾಡುತ್ತದೆ ಅಂತ ನಿನಗೇ ಚೆನ್ನಾಗಿ ಗೊತ್ತು, ಅಲ್ವಾ? ಈಗ ಈ 670 ಕಿಲೋಮೀಟರ್ ಪೈಪಿನಲ್ಲಿ ದಿನಕ್ಕೆ 210 ಕೋಟಿ ಘನ ಅಡಿ ಗ್ಯಾಸ್ ಸಾಗಬಹುದು. ದಾರಿಯುದ್ದಕ್ಕೂ ಒತ್ತಡ ಹೆಚ್ಚಿಸಿದರೆ ಅದೇ ಪೈಪಿನಲ್ಲಿ ಎರಡು ಪಟ್ಟಿಗೂ ಜಾಸ್ತಿ. ಆಗ ಕಿಟಿಮ್ಯಾಟ್‌ನಲ್ಲಿ ಈ ಗ್ಯಾಸನ್ನು ದ್ರವ ಮಾಡುವ ದೊಡ್ಡ ಘಟಕ, ಎಲ್‌ಎನ್‌ಜಿ ಕೆನಡಾ, ವರ್ಷಕ್ಕೆ 1.4 ಕೋಟಿ ಟನ್‌ನಿಂದ 2.8 ಕೋಟಿ ಟನ್‌ಗೆ ಏರುತ್ತದೆ. ಆ ಗ್ಯಾಸ್ ಎಲ್ಲಿಂದ ಬರಬೇಕು? ಡಾಸನ್ ಕ್ರೀಕ್ ಕಡೆ ಹೊಸ ಬಾವಿ ಕೊರೆಯಬೇಕು. ಅಲ್ಲಿರುವುದು ಬೇರೆ ಮೂಲನಿವಾಸಿಗಳ ನೆಲ. ಇಲ್ಲಿ ಮತ್ತೆ ಕಾಡು ಕಡಿತ, ಲಾರಿ, ಹಗಲು ರಾತ್ರಿ ಸದ್ದು, ಮತ್ತೆ ನೂರಾರು ಗಂಡಸರ ಕ್ಯಾಂಪ್. ಕ್ಯಾಂಪ್ ಅಂದರೆ ಇಲ್ಲಿನ ಹೆಂಗಸರು ಯಾಕೆ ಹೆದರುತ್ತಾರೆ ಅಂತ ಹೆದ್ದಾರಿ 16ರಲ್ಲಿ ಬರುವಾಗ ನಿನಗೆ ಗೊತ್ತಾಗುತ್ತದೆ. ಬದಿಯಲ್ಲಿ ತೂಗುಹಾಕಿದ ಹೆಂಗಸರ ಕೆಂಪು ಉಡುಪುಗಳು ಕಾಣಿಸುತ್ತವೆ. ಕಾಣೆಯಾದ, ಕೊಲೆಯಾದ ಮೂಲನಿವಾಸಿ ಹೆಣ್ಣುಮಕ್ಕಳ ನೆನಪಿಗೆ ಹಾಕಿದ್ದು. ಅದನ್ನು ಕಣ್ಣೀರಿನ ಹೆದ್ದಾರಿ ಅಂತಲೇ ಕರೆಯುತ್ತಾರೆ.

ಅದಕ್ಕೇ ಹೇಳುತ್ತೇನೆ, ಇದು ಮುಗಿದ ಜಗಳ ಅಲ್ಲ. ಮೊದಲ ಸಲ ಒಪ್ಪಿಗೆ ಇಲ್ಲದೆ ಆಯಿತು. ಎರಡನೇ ಸಲವಾದರೂ ಕೇಳಿ ಅನ್ನುತ್ತಿದ್ದಾರೆ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಆ ಘಟಕದ ಎರಡನೇ ಹಂತವನ್ನು ಬೇಗ ಮುಗಿಸಬೇಕಾದ ದೊಡ್ಡ ಯೋಜನೆಗಳ ಪಟ್ಟಿಗೆ ಹಾಕಿತು. ಮನೆತನದ ಮುಖ್ಯಸ್ಥರು ಒಪ್ಪುವ ತನಕ ಅದು ಮುಂದೆ ಹೋಗಬಾರದು. ಇದು ನನ್ನ ನಿಲುವು, ಊರಲ್ಲಿ ಎಲ್ಲರಿಗೂ ಗೊತ್ತು.

ನೀನು ಕೆಲಸಕ್ಕೆ ಸೇರಬೇಡ ಅಂತ ನಾನು ಹೇಳುವುದಿಲ್ಲ. ವೀಸಾ, ಸಾಲ, ಮನೆಗೆ ಕಳಿಸಬೇಕಾದ ದುಡ್ಡು ಎಲ್ಲ ನನಗೆ ಗೊತ್ತು. ಆದರೆ ಇಂಟರ್‌ವ್ಯೂನಲ್ಲಿ ಒಂದು ಪ್ರಶ್ನೆ ಕೇಳು: ಈ ಸ್ಟೇಷನ್ ಯಾವ ಮನೆತನದ ನೆಲದಲ್ಲಿದೆ, ಅವರ ಮುಖ್ಯಸ್ಥರು ಏನು ಹೇಳಿದ್ದಾರೆ? ಅವರು ಹೇಗೆ ಉತ್ತರ ಕೊಡುತ್ತಾರೆ ಅನ್ನುವುದನ್ನು ನನಗೆ ಬರೆ. ಸಹಿ ಹಾಕುವ ಮೊದಲು ಒಮ್ಮೆ ಬಂದು ಹೋಗು. ಹಗಲಲ್ಲೇ ಕಾರು ಓಡಿಸು, ಪ್ರಿನ್ಸ್ ಜಾರ್ಜ್ ಬಿಡುವಾಗ ಫೋನ್ ಮಾಡು. ಆ ಹೆಂಗಸು ಈಗಲೂ ನಮ್ಮ ಬೀದಿಯಲ್ಲೇ ಇದ್ದಾರೆ. ನಿನ್ನ ನದಿ ಯಾವುದು ಅಂತ ಕೇಳುತ್ತಾರೆ, ಯೋಚಿಸಿಕೊಂಡು ಬಾ.